ಸ್ಕಾಟ್ಲೆಂಡಿನ ಹಬ್ಬದ ವರ್ಷ: ಊರಿಗೊಂದು ಹಬ್ಬ, ಹಬ್ಬಕ್ಕೊಂದು ಲೆಕ್ಕ

ಸ್ಕಾಟ್ಲೆಂಡಿನಲ್ಲಿ ಕ್ರಿಸ್‌ಮಸ್ ದಿನಕ್ಕೆ ಸಾರ್ವಜನಿಕ ರಜೆ ಸಿಕ್ಕಿದ್ದು 1958ರಲ್ಲಿ. ಅಲ್ಲಿಯವರೆಗೆ ಡಿಸೆಂಬರ್ 25 ಬಹಳಷ್ಟು ಜನರಿಗೆ ಮಾಮೂಲಿ ಕೆಲಸದ ದಿನವಾಗಿತ್ತು. ಹೊಸ ವರ್ಷಕ್ಕೆ ಮಾತ್ರ ಜನವರಿ 1ರ ಜೊತೆಗೆ 2ನೇ ತಾರೀಖೂ ರಜೆ. ಪಕ್ಕದ ಇಂಗ್ಲೆಂಡಿನಲ್ಲಿ ಈ ಎರಡನೇ ದಿನದ ರಜೆ ಇಲ್ಲ.

ಕಾರಣ ಚರಿತ್ರೆಯಲ್ಲಿದೆ. 1560ರ ಧರ್ಮಸುಧಾರಣೆಯ ನಂತರ ಸ್ಕಾಟ್ಲೆಂಡಿನ ಚರ್ಚು ಬೈಬಲ್ಲಿನಲ್ಲಿ ಆಧಾರವಿಲ್ಲದ ಹಬ್ಬಗಳನ್ನೆಲ್ಲ ತಳ್ಳಿಹಾಕಿತು. ಸಂತರ ದಿನಗಳು ಹೋದವು, ಕ್ರಿಸ್‌ಮಸ್ ಹೋಯಿತು. 1640ರಲ್ಲಿ ಅಲ್ಲಿನ ಪಾರ್ಲಿಮೆಂಟು ಕ್ರಿಸ್‌ಮಸ್ ರಜೆಯನ್ನು ಕಾನೂನಿನಿಂದಲೇ ರದ್ದು ಮಾಡಿತು. ಆದರೆ ಜನ ಸಂಭ್ರಮಿಸುವುದನ್ನು ಬಿಡಲಿಲ್ಲ. ಚಳಿಗಾಲದ ಊಟ, ಬೆಂಕಿ, ಕುಡಿತ, ಮನೆಮನೆ ಭೇಟಿ ಎಲ್ಲವೂ ಕ್ರಿಸ್‌ಮಸ್‌ನಿಂದ ಸರಿದು, ಚರ್ಚಿನ ಹಂಗಿಲ್ಲದ ಡಿಸೆಂಬರ್ 31ರ ರಾತ್ರಿಗೆ ಬಂದು ಕೂತವು. ಆ ರಾತ್ರಿಯ ಹೆಸರು ಹಾಗ್ಮನೇ.

ಈ ಒಂದು ಸಂಗತಿ ಗೊತ್ತಾದರೆ ಉಳಿದದ್ದನ್ನು ಬಿಡಿಸುವುದು ಸುಲಭ. ದೇಶಕ್ಕೆಲ್ಲ ಒಂದೇ ಹಬ್ಬದ ಪಟ್ಟಿ ಕೊಡುತ್ತಿದ್ದ ಚರ್ಚು ಪಟ್ಟಿಯನ್ನೇ ಅಳಿಸಿತು. ಉಳಿದದ್ದು ಊರುಗಳ ಹಬ್ಬ: ಊರ ಗಡಿ, ಊರ ಬೆಂಕಿ, ಊರ ಜಾತ್ರೆ. ಆದ್ದರಿಂದ ಸ್ಕಾಟ್ಲೆಂಡಿನ ಯಾವುದೇ ಹಬ್ಬ ನೋಡುವಾಗ ಮೊದಲು ಎರಡು ಪ್ರಶ್ನೆ ಕೇಳಬೇಕು. ಇದರ ತಾರೀಖು ಯಾವ ಲೆಕ್ಕದ ಮೇಲೆ ನಿಂತಿದೆ? ಇದನ್ನು ನಡೆಸುವ ಹಕ್ಕು ಯಾರದು?

ತಾರೀಖಿನ ಮೂರು ಲೆಕ್ಕ

ಕೆಲವು ಹಬ್ಬಗಳಿಗೆ ಗಟ್ಟಿ ತಾರೀಖು ಇದೆ: ಕವಿ ರಾಬರ್ಟ್ ಬರ್ನ್ಸ್ ನೆನಪಿನ ಜನವರಿ 25ರ ಬರ್ನ್ಸ್ ರಾತ್ರಿ, ಅಕ್ಟೋಬರ್ 31ರ ಹ್ಯಾಲೋವೀನ್, ನವೆಂಬರ್ 30ರ ಸಂತ ಆಂಡ್ರೂ ದಿನ. ಕೆಲವು ವಾರದ ಲೆಕ್ಕದಲ್ಲಿ ಬರುತ್ತವೆ: ಲರ್ವಿಕ್‌ನ ಅಪ್ ಹೆಲಿ ಆ ಎಂಬ ಬೆಂಕಿಹಬ್ಬ ಜನವರಿಯ ಕೊನೆಯ ಮಂಗಳವಾರ, ಬ್ರೇಮಾರ್ ಕ್ರೀಡಾಕೂಟ ಸೆಪ್ಟೆಂಬರಿನ ಮೊದಲ ಶನಿವಾರ, ಕುದುರೆ ಏರಿ ಊರ ಗಡಿ ಸುತ್ತುವ ಸೆಲ್ಕರ್ಕ್ ಊರಿನ ಗಡಿಸವಾರಿ ಜೂನ್ ತಿಂಗಳ ಎರಡನೇ ಸೋಮವಾರ ಕಳೆದು ಬರುವ ಶುಕ್ರವಾರ. ಈ ಕೊನೆಯದರಲ್ಲಿ ಎಡವುವವರು ಬಹಳ. ಎರಡನೇ ಶುಕ್ರವಾರ ಎಂದುಕೊಂಡು ಕೋಣೆ ಕಾದಿರಿಸಿದರೆ ಕೆಲವು ವರ್ಷ ಒಂದು ವಾರ ಮೊದಲೇ ಹೋಗಿ ನಿಲ್ಲಬೇಕಾಗುತ್ತದೆ.

ಮೂರನೆಯದು ಹಳೆ ಕ್ಯಾಲೆಂಡರಿನ ಲೆಕ್ಕ. ಜನವರಿ 1ನ್ನು ವರ್ಷದ ಮೊದಲ ದಿನವಾಗಿ ಸ್ಕಾಟ್ಲೆಂಡ್ 1600ರಲ್ಲೇ ಒಪ್ಪಿಕೊಂಡಿತ್ತು, ಇಂಗ್ಲೆಂಡಿಗಿಂತ ಒಂದೂವರೆ ಶತಮಾನ ಮುಂಚೆ. ಆದರೆ ಜೂಲಿಯನ್ ಕ್ಯಾಲೆಂಡರನ್ನು ಬಿಟ್ಟು ಗ್ರೆಗೋರಿಯನ್‌ಗೆ ಬಂದದ್ದು ಬ್ರಿಟನ್ ಪೂರ್ತಿ ಬದಲಾದ 1752ರಲ್ಲಿ. ಆ ವರ್ಷ ಸೆಪ್ಟೆಂಬರ್ 2ರ ಮರುದಿನ ಸೆಪ್ಟೆಂಬರ್ 14 ಬಂತು, ನಡುವಿನ 11 ದಿನ ಇಲ್ಲವಾದವು. ಕೆಲವು ಊರುಗಳು ಈ ಬದಲಾವಣೆಯನ್ನು ಹಬ್ಬಕ್ಕೆ ಅನ್ವಯಿಸಲೇ ಇಲ್ಲ. ಈಶಾನ್ಯದ ಮೊರೆ ಕರಾವಳಿಯ ಬರ್ಗ್‌ಹೆಡ್‌ನಲ್ಲಿ ಹಳೆಯ ವರ್ಷದ ಕೊನೆಯ ರಾತ್ರಿ ಇವತ್ತಿಗೂ ಜನವರಿ 11. ಉತ್ತರ ತುದಿಯ ದ್ವೀಪಸಮೂಹ ಶೆಟ್‌ಲೆಂಡಿನ ಪುಟ್ಟ ದ್ವೀಪ ಫೌಲಾದಲ್ಲಿ ಕ್ರಿಸ್‌ಮಸ್ ಜನವರಿ 6ಕ್ಕೆ, ಹೊಸ ವರ್ಷ ಜನವರಿ 13ಕ್ಕೆ. ಒಂದು ಕಡೆ 11 ದಿನದ ಅಂತರ, ಇನ್ನೊಂದು ಕಡೆ 12. ಎರಡು ಕ್ಯಾಲೆಂಡರುಗಳ ಅಂತರ 1800ರಲ್ಲಿ ಒಂದು ದಿನ ಹೆಚ್ಚಿತು, ಏಕೆಂದರೆ ಆ ವರ್ಷ ಜೂಲಿಯನ್‌ನಲ್ಲಿ ಫೆಬ್ರವರಿ 29 ಇತ್ತು, ಗ್ರೆಗೋರಿಯನ್‌ನಲ್ಲಿ ಇರಲಿಲ್ಲ. ಬರ್ಗ್‌ಹೆಡ್ 1752ರ ಅಂತರಕ್ಕೇ ನಿಂತಿತು, ಫೌಲಾ ಒಂದು ದಿನ ಮುಂದೆ ಹೋಗಿ ನಿಂತಿತು. ದೃಗ್ಗಣಿತ ಪಂಚಾಂಗದವರು ಒಂದು ದಿನ, ಸೂರ್ಯಸಿದ್ಧಾಂತದವರು ಮಾರನೇ ದಿನ ಏಕಾದಶಿ ಮಾಡುವುದನ್ನು ಕಂಡ ನಮಗೆ ಇದು ತೀರ ಹೊಸದೇನಲ್ಲ.

ಹಾಗ್ಮನೇ: ಮನೆಯೊಳಗಿನ ಕ್ರಮ

ಹಬ್ಬದ ಅರ್ಧ ಕೆಲಸ ನಡುರಾತ್ರಿಗೆ ಮುಂಚೆಯೇ ಮುಗಿಯಬೇಕು. ಮನೆ ಗುಡಿಸಿ ಒರೆಸಿ, ಒಲೆಯ ಬೂದಿ ಹೊರಗೆ ಹಾಕಿ, ಕೈಸಾಲ ತೀರಿಸಿ, ಎರವಲು ತಂದದ್ದನ್ನು ವಾಪಸು ಕೊಟ್ಟಿರಬೇಕು. ಹಳೆ ವರ್ಷದ ಕಸ, ಹಳೆ ವರ್ಷದ ಬಾಕಿ ಹೊಸ್ತಿಲು ದಾಟಿ ಹೊಸ ವರ್ಷಕ್ಕೆ ಬರಬಾರದು ಎಂಬುದು ಭಾವ. ಉತ್ತರದ ಬೆಟ್ಟಸೀಮೆಯಾದ ಹೈಲ್ಯಾಂಡ್ ಕಡೆ ಜುನಿಪರ್ ಕೊಂಬೆ ಸುಟ್ಟು ಮನೆಗೂ ಕೊಟ್ಟಿಗೆಗೂ ಹೊಗೆ ಹಾಕುವ ಪದ್ಧತಿ ಇತ್ತು, ಕೆಲವು ಮನೆಗಳಲ್ಲಿ ಈಗಲೂ ಇದೆ. ಹೊಗೆ ಕೆಮ್ಮು ಬರುವಷ್ಟು ದಟ್ಟವಾದ ಮೇಲೆ ಕಿಟಕಿ ಬಾಗಿಲು ತೆರೆಯುತ್ತಾರೆ.

ಹನ್ನೆರಡು ಹೊಡೆದ ಮೇಲೆ ಮೊದಲು ಹೊಸ್ತಿಲು ದಾಟುವವರು ಯಾರು ಎನ್ನುವುದೇ ಆ ರಾತ್ರಿಯ ಮುಖ್ಯ ವಿಷಯ. ಎತ್ತರದ, ಕಪ್ಪು ಕೂದಲಿನ ಗಂಡಸು ಬಂದರೆ ಶುಭ. ಹೊಂಬಣ್ಣದ ಕೂದಲಿನವರು ಬಂದರೆ ಅಷ್ಟಕ್ಕಷ್ಟೆ. ಹಿಂದೆ ಹೊಂಗೂದಲಿನ ವೈಕಿಂಗರು ದಾಳಿಗೆ ಬರುತ್ತಿದ್ದ ನೆನಪು ಇದು ಎಂದು ಜನ ಕಾರಣ ಹೇಳುತ್ತಾರೆ. ಬಂದವರ ಕೈ ಬರಿದಾಗಿರಬಾರದು. ಒಂದು ತುಂಡು ಕಲ್ಲಿದ್ದಲು ಮನೆ ಬೆಚ್ಚಗಿರಲಿ ಎಂದು. ಶಾರ್ಟ್‌ಬ್ರೆಡ್ ಎಂಬ ಬೆಣ್ಣೆ ಬಿಸ್ಕತ್ತು ಅಥವಾ ಬ್ಲ್ಯಾಕ್ ಬನ್ ಹೊಟ್ಟೆ ತುಂಬಿರಲಿ ಎಂದು. ಒಂದು ಚಿಟಿಕೆ ಉಪ್ಪು, ಒಂದು ಬಾಟಲಿ ವಿಸ್ಕಿ. ತಕ್ಕ ಗಂಡಾಳು ಹೊರಗಿನಿಂದ ಬರುವ ಭರವಸೆ ಇಲ್ಲದಿದ್ದರೆ ಮನೆಯವರಲ್ಲೇ ಕಪ್ಪು ಕೂದಲಿನವನನ್ನು ಹನ್ನೆರಡಕ್ಕೆ ಐದು ನಿಮಿಷ ಮುಂಚೆ ಹೊರಗೆ ಕಳಿಸಿ, ಗಂಟೆ ಬಾರಿಸಿದ ಮೇಲೆ ಒಳಗೆ ಕರೆಯುತ್ತಾರೆ. ಭಾರತೀಯ ನೆರೆಯವರನ್ನು ಈ ಕೆಲಸಕ್ಕೆ ಕರೆದರೆ ಅದು ಗೌರವವೆಂದೇ ತಿಳಿಯಬೇಕು. ಕಲ್ಲಿದ್ದಲು ಸಿಗದಿದ್ದರೂ ಶಾರ್ಟ್‌ಬ್ರೆಡ್ ಡಬ್ಬಿ ಹಿಡಿದು ಹೋಗಬೇಕು.

ಬ್ಲ್ಯಾಕ್ ಬನ್ ಹೆಸರಿಗೆ ಬನ್, ನಿಜಕ್ಕೆ ಗಟ್ಟಿ ಒಣಹಣ್ಣಿನ ಕೇಕು. ಕಪ್ಪು ಒಣದ್ರಾಕ್ಷಿ, ಬಾದಾಮಿ, ಶುಂಠಿ, ದಾಲ್ಚಿನ್ನಿ, ಮೆಣಸಿನ ಪುಡಿಯ ಹೂರಣವನ್ನು ತೆಳ್ಳನೆ ಹಿಟ್ಟಿನ ಹೊದಿಕೆಯೊಳಗೆ ಒತ್ತಿ ತುಂಬಿ ಬೇಯಿಸುತ್ತಾರೆ. ಬೇಯಿಸಿದ ದಿನವೇ ಕತ್ತರಿಸಿದರೆ ಪುಡಿಪುಡಿಯಾಗುತ್ತದೆ, ಮಸಾಲೆ ಒಂದೊಂದು ಕಡೆ ಒಂದೊಂದು ರುಚಿ ಕೊಡುತ್ತದೆ. ಕೆಲವು ವಾರ ಮುಚ್ಚಿಟ್ಟರೆ ಹಣ್ಣಿನ ಪಸೆ ಹರಡಿ ಹದಕ್ಕೆ ಬರುತ್ತದೆ. ಹಾಗಾಗಿ ಇದನ್ನು ಡಿಸೆಂಬರ್ ಮೊದಲ ವಾರದೊಳಗೆ ಮಾಡಿಟ್ಟಿರಬೇಕು.

ಬರ್ನ್ಸ್ 1788ರಲ್ಲಿ ಬರೆದು ಕಳಿಸಿದ ‘ಆಲ್ಡ್ ಲ್ಯಾಂಗ್ ಸೈನ್’ ಹಾಡನ್ನು ಹನ್ನೆರಡು ಹೊಡೆದಾಗ ಎಲ್ಲರೂ ಕೈ ಹಿಡಿದು ಹಾಡುತ್ತಾರೆ. ಜಗತ್ತಿನ ಬಹಳ ಕಡೆ ಮೊದಲ ಸಾಲಿನಿಂದಲೇ ಎರಡೂ ಕೈ ಅಡ್ಡ ಹಾಕಿಕೊಂಡು ನಿಲ್ಲುತ್ತಾರೆ. ಅದು ತಪ್ಪು. ಮೊದಲು ಪಕ್ಕದವರ ಕೈಯನ್ನು ಸಾದಾ ಹಿಡಿಯಬೇಕು. ಗೆಳೆಯನೇ ಇಗೋ ನನ್ನ ಕೈ ಎಂಬರ್ಥದ ಕೊನೆಯ ಚರಣ ಬಂದಾಗ ಮಾತ್ರ ಬಲಗೈ ಎಡಕ್ಕೆ, ಎಡಗೈ ಬಲಕ್ಕೆ ಅಡ್ಡ ಹೋಗಬೇಕು. ಅರ್ಥಕ್ಕೂ ಕೈಗೂ ಇರುವ ಈ ನಂಟು ಕಳೆದರೆ ಹಾಡಿನ ಅರ್ಧ ಸೊಗಸು ಹೋದಂತೆ.

ಎಡಿನ್‌ಬರೋದ ಬೀದಿಯ ಹಾಗ್ಮನೇ 1990ರ ದಶಕದಲ್ಲಿ ಶುರುವಾದದ್ದು. 1996ರ ಕೊನೆಯ ರಾತ್ರಿ ಅಪಾಯವಾಗುವಷ್ಟು ಜನ ನೂಕಿದ ಮೇಲೆ ಟಿಕೆಟ್ ಬಂತು. ಇದರ ದೊಡ್ಡ ಶತ್ರು ಗಾಳಿ. 2024ರ ಡಿಸೆಂಬರಿನಲ್ಲಿ ಬಿರುಗಾಳಿಯಿಂದಾಗಿ ಹೊರಾಂಗಣ ಕಾರ್ಯಕ್ರಮಗಳನ್ನೆಲ್ಲ ರದ್ದು ಮಾಡಬೇಕಾಯಿತು. ದೂರದಿಂದ ಹೋಗುವವರು ಅದೇ ರಾತ್ರಿಗೆ ಸಭಾಂಗಣದೊಳಗಿನ ಒಂದು ಕೇಲಿ ನೃತ್ಯಕೂಟಕ್ಕೂ ಟಿಕೆಟ್ ಮಾಡಿಟ್ಟುಕೊಳ್ಳುವುದು ಜಾಣತನ.

ಬೆಂಕಿಯ ಮೂರು ಊರು

ಅಬರ್ಡೀನಿನ ದಕ್ಷಿಣಕ್ಕಿರುವ ಸ್ಟೋನ್‌ಹೇವನ್‌ನಲ್ಲಿ ಡಿಸೆಂಬರ್ 31ರ ನಡುರಾತ್ರಿ 40ರ ಆಸುಪಾಸು ಜನ ಹಳೆಯ ಹೈ ಸ್ಟ್ರೀಟಿನಲ್ಲಿ ಬೆಂಕಿಯ ಚೆಂಡುಗಳನ್ನು ತಲೆಯ ಸುತ್ತ ತಿರುಗಿಸುತ್ತ ನಡೆಯುತ್ತಾರೆ. ಚೆಂಡು ಎಂದರೆ ತಂತಿಬಲೆಯ ಪಂಜರ. ಒಳಗೆ ಹಳೆ ಬಟ್ಟೆ, ಕಾಗದ, ಪೈನ್ ಕಾಯಿ, ಕಟ್ಟಿಗೆ, ಕಲ್ಲಿದ್ದಲಿನಂಥ ಉರಿಯುವ ವಸ್ತು, ಮೇಲೆ ಸೀಮೆಎಣ್ಣೆ. ಹಿಡಿಯಲು ಉದ್ದದ ತಂತಿ. ಒಬ್ಬೊಬ್ಬರು ತಮ್ಮ ಚೆಂಡನ್ನು ತಾವೇ ಕಟ್ಟುತ್ತಾರೆ, ಒಳಗೆ ಏನು ತುಂಬುತ್ತಾರೆ ಎಂಬುದು ಅವರವರ ಗುಟ್ಟು. ಸಡಿಲವಾಗಿ ತುಂಬಿದರೆ ಉರಿಯುವ ಚೂರುಗಳು ಬಲೆಯಿಂದ ಹಾರುತ್ತವೆ. ತೀರ ಬಿಗಿಯಾದರೆ ಗಾಳಿಯಾಡದೆ ಬೆಂಕಿ ಸಾಯುತ್ತದೆ. ಕೊನೆಗೆ ಚೆಂಡುಗಳನ್ನು ಬಂದರಿನ ನೀರಿಗೆ ಎಸೆಯುತ್ತಾರೆ. ತಿರುಗಿಸುವ ಹಕ್ಕು ಊರಿನವರಿಗೆ ಮಾತ್ರ.

ಬರ್ಗ್‌ಹೆಡ್‌ನ ಜನವರಿ 11ರ ಬೆಂಕಿಗೆ ಕ್ಲೇವಿ ಎಂದು ಹೆಸರು. ಅರ್ಧ ಕತ್ತರಿಸಿದ ಮರದ ಪೀಪಾಯಿಗೆ ಕಟ್ಟಿಗೆ, ಡಾಂಬರು ತುಂಬಿ ಗಟ್ಟಿ ಕಂಬದ ತುದಿಗೆ ಮೊಳೆ ಹೊಡೆದು ಕೂರಿಸುತ್ತಾರೆ. ಹೊತ್ತಿಸಲು ಬೆಂಕಿಪೊಟ್ಟಣ ಬಳಸುವುದಿಲ್ಲ, ಮನೆಯೊಂದರ ಒಲೆಯಿಂದ ಉರಿಯುವ ಪೀಟ್ (ಒಣಗಿಸಿದ ಜೌಗುಮಣ್ಣಿನ ಇಂಧನ) ತುಂಡು ತರುತ್ತಾರೆ. ಕ್ಲೇವಿಯ ರಾಜ ಎನಿಸಿಕೊಂಡ ಹಿರಿಯನ ಮುಂದಾಳುತನದಲ್ಲಿ ಗಂಡಸರು ಸರದಿಯಂತೆ ಅದನ್ನು ಹೊತ್ತು, ಸೂರ್ಯ ಚಲಿಸುವ ದಿಕ್ಕಿನಲ್ಲೇ ಊರ ಪ್ರದಕ್ಷಿಣೆ ಹಾಕುತ್ತಾರೆ. ಕೆಲವು ಮನೆಗಳ ಬಾಗಿಲಲ್ಲಿ ನಿಂತು ಹೊಗೆಯಾಡುವ ಕೊಳ್ಳಿಯೊಂದನ್ನು ಕೊಡುತ್ತಾರೆ. ಕೊನೆಗೆ ಪಿಕ್ಟ್ ಜನರ ಹಳೆಯ ಕೋಟೆಯ ಅವಶೇಷವಾದ ಡೋರಿ ದಿಬ್ಬದ ಮೇಲೆ ನೆಟ್ಟು ಇನ್ನಷ್ಟು ಇಂಧನ ಸುರಿಯುತ್ತಾರೆ. ಕುಸಿದ ಪೀಪಾಯಿಯ ಕರಕಲು ತುಂಡುಗಳಿಗೆ ಜನ ಮುಗಿಬೀಳುತ್ತಾರೆ. ಅದು ವರ್ಷವಿಡೀ ಮನೆಗೆ ಅದೃಷ್ಟ ಎಂಬ ನಂಬಿಕೆ, ಪರದೇಶದಲ್ಲಿರುವ ಊರಿನವರಿಗೆ ಅಂಚೆಯಲ್ಲಿ ಹೋಗುವುದೂ ಉಂಟು. ಜನವರಿ 11 ಭಾನುವಾರ ಬಂದರೆ ಕ್ಲೇವಿ ಹಿಂದಿನ ಶನಿವಾರಕ್ಕೆ ಸರಿಯುತ್ತದೆ. ಹತ್ತಿರ ನಿಲ್ಲುವವರ ಕೋಟಿಗೆ ಡಾಂಬರಿನ ಕಲೆ ಖಂಡಿತ, ಅದು ಒಗೆದರೆ ಹೋಗುವುದಿಲ್ಲ.

ಮೂರನೆಯದು ಶೆಟ್‌ಲೆಂಡಿನ ಲರ್ವಿಕ್‌ನ ಅಪ್ ಹೆಲಿ ಆ. ವೈಕಿಂಗರ ಕಾಲದಿಂದ ನಡೆದುಬಂದದ್ದು ಎಂದು ಇದನ್ನು ಪರಿಚಯಿಸುವವರಿದ್ದಾರೆ. ಹಾಗಲ್ಲ. ಮೊದಲು ಇದ್ದದ್ದು ಉರಿಯುವ ಡಾಂಬರು ಪೀಪಾಯಿಗಳನ್ನು ಬೀದಿಯಲ್ಲಿ ಎಳೆಯುವ ಹುಡುಗರ ಹುಚ್ಚಾಟ. ಅದನ್ನು 1870ರ ದಶಕದಲ್ಲಿ ನಿಲ್ಲಿಸಿ ಪಂಜಿನ ಮೆರವಣಿಗೆ ತಂದರು. ವೈಕಿಂಗ್ ಮಾದರಿಯ ಉದ್ದ ಹಡಗನ್ನು ಸುಡುವುದು 1889ರಿಂದ, ಗೈಸರ್ ಯಾರ್ಲ್ ಎಂಬ ನಾಯಕಪಟ್ಟ 1906ರಿಂದ. ಶೆಟ್‌ಲೆಂಡ್ 15ನೇ ಶತಮಾನದವರೆಗೂ ನಾರ್ವೆ ಡೆನ್ಮಾರ್ಕ್ ಅರಸರ ಕೈಯಲ್ಲಿತ್ತು. ಆ ನೆನಪನ್ನು ಊರಿನವರು ವಿಕ್ಟೋರಿಯಾ ಕಾಲದಲ್ಲಿ ಬೇಕೆಂದೇ ಹಬ್ಬಕ್ಕೆ ತೊಡಿಸಿದರು. ಇದರಿಂದ ಹಬ್ಬದ ಬೆಲೆ ಕಿಂಚಿತ್ತೂ ಕಡಿಮೆಯಾಗುವುದಿಲ್ಲ. ಒಂದು ಊರು ತಾನು ಯಾರು ಎಂಬುದನ್ನು ಕೈಯಾರೆ ಕಟ್ಟಿಕೊಂಡದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಯಾರ್ಲ್ ಆಗಬೇಕೆಂದರೆ ಮೊದಲು ಹಬ್ಬದ ಸಮಿತಿಗೆ ಆಯ್ಕೆಯಾಗಿ ಸುಮಾರು 15 ವರ್ಷ ಕಾಯಬೇಕು. ಅವನ ತಂಡದ ಗುರಾಣಿ, ಕೊಡಲಿ, ಶಿರಸ್ತ್ರಾಣ, ಉಡುಪು ಎಲ್ಲ ಊರಿನಲ್ಲೇ ತಯಾರಾಗುತ್ತವೆ. ಹಡಗನ್ನು ಸ್ವಯಂಸೇವಕರು ಚಳಿಗಾಲವಿಡೀ ಶೆಡ್ಡಿನಲ್ಲಿ ಕಟ್ಟುತ್ತಾರೆ. ಪಂಜುಗಳು ಮರದ ಕೋಲಿಗೆ ಗೋಣಿ ಸುತ್ತಿದವು, ಸೀಮೆಎಣ್ಣೆಯಲ್ಲಿ ಚೆನ್ನಾಗಿ ನೆನೆದವು. ನೆನೆಯುವುದು ಕಡಿಮೆಯಾದರೆ ಶೆಟ್‌ಲೆಂಡಿನ ಗಾಳಿಗೆ ಅರ್ಧ ದಾರಿಯಲ್ಲೇ ಆರುತ್ತವೆ. ಸಂಜೆ ಏಳೂವರೆಗೆ ಬೀದಿದೀಪ ಆರಿಸಿ, ಸಾವಿರದ ಹತ್ತಿರ ಪಂಜುಗಳನ್ನು ಒಟ್ಟಿಗೆ ಹೊತ್ತಿಸಿ, ಮೆರವಣಿಗೆಯ ಕೊನೆಗೆ ಎಲ್ಲ ಪಂಜುಗಳನ್ನೂ ಹಡಗಿನೊಳಕ್ಕೆ ಎಸೆಯುತ್ತಾರೆ. ಹವೆಗೆ ಹೆದರಿ ಹಬ್ಬ ಮುಂದೂಡುವುದಿಲ್ಲ ಎಂಬುದು ಊರಿನ ಕಟ್ಟುನಿಟ್ಟು, ಆದರೆ 2021 ಮತ್ತು 2022ರಲ್ಲಿ ಕೋವಿಡ್ ತಡೆಯಿತು. ಮಹಿಳೆಯರು ಲರ್ವಿಕ್ ಮೆರವಣಿಗೆಯ ತಂಡಗಳಲ್ಲಿ ಸೇರಲು ದಾರಿ ತೆರೆದದ್ದು 2023ರಲ್ಲಿ. ತಡವಾದರೂ ಆಗಬೇಕಾದ ಬದಲಾವಣೆ.

ನೋಡುಗರು ಒಂದು ವಿಷಯ ತಿಳಿದಿರಬೇಕು. ಹಡಗು ಸುಟ್ಟ ಮೇಲೆ ನಿಜವಾದ ಹಬ್ಬ ಊರಿನ ಹತ್ತಾರು ಸಭಾಂಗಣಗಳ ಒಳಗೆ ನಡೆಯುತ್ತದೆ. ತಂಡಗಳು ಒಂದೊಂದು ಸಭಾಂಗಣಕ್ಕೂ ಹೋಗಿ ಪ್ರಹಸನ ಆಡಿ, ಕುಣಿದು, ಬೆಳಗಿನವರೆಗೂ ಸುತ್ತುತ್ತವೆ. ಅಲ್ಲಿಗೆ ಹೆಚ್ಚಾಗಿ ಆಹ್ವಾನವಿದ್ದವರಿಗೆ ಮಾತ್ರ ಪ್ರವೇಶ. ಮಾರನೇ ದಿನ ಊರಿಗೆ ಊರೇ ರಜೆ, ಅಂಗಡಿ ತೆರೆದಿರುತ್ತದೆ ಎಂದು ನಂಬಿಕೊಂಡರೆ ಉಪವಾಸ.

ಅದೇ ಉತ್ತರದ ಆರ್ಕ್ನಿ ದ್ವೀಪಗಳಲ್ಲಿ ಕ್ರಿಸ್‌ಮಸ್ ಮತ್ತು ಹೊಸ ವರ್ಷದ ದಿನ ಕರ್ಕ್‌ವಾಲ್ ಪಟ್ಟಣ ಎರಡು ಪಾಲಾಗಿ ಒಂದು ಚರ್ಮದ ಚೆಂಡಿಗಾಗಿ ಬೀದಿಯಲ್ಲಿ ಗಂಟೆಗಟ್ಟಲೆ ನೂಕಾಡುತ್ತದೆ. ಹೆಸರು ಬಾ. ಬಿರಡೆಯ ಪುಡಿ ತುಂಬಿದ ಚೆಂಡಿನ ತೂಕ ಸುಮಾರು ಒಂದೂಕಾಲು ಕಿಲೋ. ಕೆಳಗೇರಿಯವರು ಚೆಂಡನ್ನು ಬಂದರಿನ ನೀರಿಗೆ ಮುಟ್ಟಿಸಬೇಕು, ಮೇಲುಗೇರಿಯವರು ಊರಿನ ಇನ್ನೊಂದು ತುದಿಯ ಗೋಡೆಗೆ. ಹಿಂದೆ ನೀವು ಸಂತ ಮ್ಯಾಗ್ನಸ್ ಕೆಥೆಡ್ರಲ್‌ನ ಯಾವ ಪಕ್ಕದಲ್ಲಿ ಹುಟ್ಟಿದಿರಿ ಎಂಬುದರ ಮೇಲೆ ಪಾಲು ನಿರ್ಧಾರವಾಗುತ್ತಿತ್ತು. ಈಗ ಎಲ್ಲ ಕೂಸುಗಳೂ ಹುಟ್ಟುವ ಆಸ್ಪತ್ರೆ ಮೇಲುಗೇರಿಯಲ್ಲಿದೆ. ಆದ್ದರಿಂದ ಅಪ್ಪನ ಪಾಲೇ ಮಗನ ಪಾಲು ಎಂದು ಬದಲಾಯಿಸಿಕೊಂಡಿದ್ದಾರೆ. ದಾರಿಯ ಅಂಗಡಿಗಳೆಲ್ಲ ಹಿಂದಿನ ದಿನವೇ ಕಿಟಕಿಗಳಿಗೆ ಅಡ್ಡಪಟ್ಟಿ ಬಡಿದಿರುತ್ತವೆ.

ಬರ್ನ್ಸ್ ಸಪ್ಪರ್ ನಡೆಸುವುದು ಹೇಗೆ

ಕವಿ ರಾಬರ್ಟ್ ಬರ್ನ್ಸ್ ಹುಟ್ಟಿದ್ದು 1759ರ ಜನವರಿ 25, ತೀರಿಕೊಂಡದ್ದು 1796ರ ಜುಲೈ 21. ಮೊದಲ ಸ್ಮರಣೆಯ ಊಟವನ್ನು ಒಂಬತ್ತು ಗೆಳೆಯರು 1801ರ ಜುಲೈನಲ್ಲಿ, ಸಾವಿನ ದಿನದ ನೆನಪಿಗೆ, ಅಲೋವೇಯ ಅವನ ಹುಟ್ಟುಮನೆಯಲ್ಲಿ ಮಾಡಿದರು. ಗ್ರೀನಕ್‌ನ ಸಂಘದವರು ಹುಟ್ಟುಹಬ್ಬವನ್ನು ಜನವರಿ 29 ಎಂದು ತಪ್ಪಾಗಿ ತಿಳಿದು ಆಚರಿಸಿದ್ದರು. ಚರ್ಚಿನ ದಾಖಲೆ ನೋಡಿದ ಮೇಲೆ 25ಕ್ಕೆ ಬಂದರು. ಕೃಷಿ ಬಿಡುವಿನ ಜನವರಿಯೇ ಕೊನೆಗೆ ನಿಂತಿತು.

ಕ್ರಮ ಹೀಗೆ: ಅತಿಥಿಗಳು ಕುಳಿತ ಮೇಲೆ ಸೆಲ್ಕರ್ಕ್ ಗ್ರೇಸ್ ಎಂಬ ಚಿಕ್ಕ ಪ್ರಾರ್ಥನೆ, ಆಮೇಲೆ ಸೂಪು. ನಂತರ ಎಲ್ಲರೂ ಎದ್ದು ನಿಲ್ಲುತ್ತಾರೆ. ಬ್ಯಾಗ್‌ಪೈಪ್ ಊದುವವರು ಮುಂದೆ, ತಟ್ಟೆಯಲ್ಲಿ ಹ್ಯಾಗಿಸ್ ಹೊತ್ತ ಅಡುಗೆಯವರು ಹಿಂದೆ, ವಿಸ್ಕಿ ಹಿಡಿದವರು ಅವರ ಹಿಂದೆ. ಒಬ್ಬರು ಹ್ಯಾಗಿಸ್‌ಗೆ ಬರೆದ ಬರ್ನ್ಸ್ ಕವಿತೆಯ ಎಂಟು ಪದ್ಯಗಳನ್ನು ಬಾಯಿಪಾಠ ಹೇಳುತ್ತಾರೆ. ಮೂರನೇ ಪದ್ಯದಲ್ಲಿ ಚಾಕು ಬರುತ್ತದೆ, ಆ ಸಾಲಿಗೇ ಸರಿಯಾಗಿ ಹ್ಯಾಗಿಸ್ ಸೀಳಬೇಕು. ಊಟದ ನಂತರ ಕವಿಯ ಬದುಕು ಬರಹದ ಬಗ್ಗೆ ಮುಖ್ಯ ಭಾಷಣ, ಮಹಿಳೆಯರಿಗೆ ಹಾರೈಕೆಯ ಮಾತು, ಅದಕ್ಕೆ ಮಹಿಳೆಯೊಬ್ಬರ ಉತ್ತರ, ನಡುನಡುವೆ ಹಾಡು, ಬರ್ನ್ಸ್‌ನ ಕಥನಕವನ ‘ಟ್ಯಾಮ್ ಓ ಶ್ಯಾಂಟರ್’ ವಾಚನ, ಕೊನೆಗೆ ‘ಆಲ್ಡ್ ಲ್ಯಾಂಗ್ ಸೈನ್’. ಸಪ್ಪರ್ ಹಾಳಾಗುವುದು ಹೆಚ್ಚಾಗಿ ಮುಖ್ಯ ಭಾಷಣದಿಂದ. ಇಪ್ಪತ್ತು ನಿಮಿಷ ದಾಟಿದರೆ ಕೇಳುವವರು ಕೈತಪ್ಪುತ್ತಾರೆ. ಕಾರ್ಯಕ್ರಮ ಹೊಂದಿಸುವವರು ಭಾಷಣಕಾರರಿಗೆ ಸಮಯವನ್ನು ಮೊದಲೇ ಬರೆದು ಕಳಿಸಬೇಕು.

ಹ್ಯಾಗಿಸ್ ಎಂದರೆ ಕುರಿಯ ಹೃದಯ, ಯಕೃತ್ತು, ಶ್ವಾಸಕೋಶವನ್ನು ಬೇಯಿಸಿ ಕೊಚ್ಚಿ, ಓಟ್ಸ್, ಕೊಬ್ಬು, ಈರುಳ್ಳಿ, ಮೆಣಸು ಸೇರಿಸಿ ಕುರಿಯ ಹೊಟ್ಟೆಯ ಚೀಲದಲ್ಲಿ ತುಂಬಿದ್ದು. ಈಗ ಬಹುಪಾಲು ಕೃತಕ ಹೊದಿಕೆ ಬಳಸುತ್ತಾರೆ. ಅಂಗಡಿಯಿಂದ ತರುವುದು ಬೆಂದದ್ದೇ ಆಗಿರುತ್ತದೆ, ಮನೆಯಲ್ಲಿ ಚೆನ್ನಾಗಿ ಬಿಸಿ ಮಾಡಬೇಕು ಅಷ್ಟೆ. ಅರ್ಧ ಕಿಲೋದ ಉಂಡೆಯನ್ನು ಫಾಯಿಲ್‌ನಲ್ಲಿ ಸುತ್ತಿ, ಸ್ವಲ್ಪ ನೀರಿನ ತಟ್ಟೆಯಲ್ಲಿಟ್ಟು 180 ಡಿಗ್ರಿಯ ಓವನ್‌ನಲ್ಲಿ ಸುಮಾರು ಒಂದು ಗಂಟೆ ಇಟ್ಟರೆ ಸಾಕು. ನೀರಿನಲ್ಲಿ ಬಿಸಿ ಮಾಡುವವರು ಕೊತಕೊತ ಕುದಿಸಬಾರದು. ಓಟ್ಸ್ ಉಬ್ಬಿ, ಒಳಗಿನ ಆವಿ ಒತ್ತಿ, ಹೊದಿಕೆ ಒಡೆದು ಪಾತ್ರೆ ತುಂಬ ಗಂಜಿಯಾಗುತ್ತದೆ. ಸಣ್ಣ ಗುಳ್ಳೆ ಏಳುವಷ್ಟೇ ಉರಿ ಇರಲಿ. ಸ್ಕಾಟ್ಲೆಂಡಿನ ಆಹಾರ ನಿಯಮದಂತೆ ಹೋಟೆಲಿನವರು ಮತ್ತೆ ಬಿಸಿ ಮಾಡಿದ ಆಹಾರ 82 ಡಿಗ್ರಿ ಮುಟ್ಟಬೇಕು, ಮನೆಯಲ್ಲೂ ಅದೇ ಗುರಿ ಒಳ್ಳೆಯದು.

ಇನ್ನೊಂದು ಅಪಾಯ ವಾಚನದ ಹೊತ್ತಿಗೆ. ಬಿಗಿಯಾಗಿ ಉಬ್ಬಿದ ಹ್ಯಾಗಿಸ್‌ಗೆ ನಾಟಕೀಯವಾಗಿ ಚಾಕು ಇರಿದರೆ ಬಿಸಿ ಕೊಬ್ಬು ಮುಖಕ್ಕೆ ಚಿಮ್ಮುತ್ತದೆ. ಅನುಭವಸ್ಥ ಅಡುಗೆಯವರು ಒಳಗಿನಿಂದ ತರುವ ಮುಂಚೆಯೇ ಪಕ್ಕದಲ್ಲಿ ಕಾಣದಂತೆ ಒಂದು ಸಣ್ಣ ಸೀಳು ಹಾಕಿ ಆವಿ ಬಿಟ್ಟಿರುತ್ತಾರೆ. ಜೊತೆಗೆ ಬಡಿಸುವುದು ನೀಪ್ಸ್ ಮತ್ತು ಟ್ಯಾಟೀಸ್: ಮೊದಲನೆಯದು ಹಳದಿ ತಿರುಳಿನ ಸ್ವೀಡ್ ಗೆಡ್ಡೆ, ಎರಡನೆಯದು ಆಲೂಗಡ್ಡೆ, ಎರಡನ್ನೂ ಬೇರೆಬೇರೆ ಬೇಯಿಸಿ ಬೆಣ್ಣೆ ಹಾಕಿ ಹಿಸುಕಬೇಕು. ಸ್ವೀಡ್ ನೀರು ಬಿಡುತ್ತದೆ. ಬಸಿದ ಮೇಲೆ ಖಾಲಿ ಪಾತ್ರೆಯಲ್ಲಿ ಎರಡು ನಿಮಿಷ ಬಿಸಿ ತಾಗಿಸದಿದ್ದರೆ ತಟ್ಟೆಯಲ್ಲಿ ನೀರು ನಿಲ್ಲುತ್ತದೆ. ಬೇಳೆ, ಕಿಡ್ನಿ ಬೀನ್ಸ್, ಓಟ್ಸ್, ಬೀಜಗಳ ಸಸ್ಯಾಹಾರಿ ಹ್ಯಾಗಿಸ್ 1984ರಿಂದ ಮಾರಾಟದಲ್ಲಿದೆ. ಇದು ಒತ್ತಾಯದ ಬದಲಿಯಲ್ಲ, ನಿಜಕ್ಕೂ ರುಚಿಯಾದದ್ದು. ಸಸ್ಯಾಹಾರಿಗಳು ಸಂಕೋಚವಿಲ್ಲದೆ ಸಪ್ಪರ್‌ಗೆ ಹೋಗಬಹುದು.

ಗಡಿ ಸುತ್ತುವ ಊರುಗಳು

ವಸಂತದಲ್ಲಿ ಚಿಕ್ಕಪುಟ್ಟವು ಹಲವು. ಮಾರ್ಚ್ 1ರ ಸಂಜೆ ಲ್ಯಾನರ್ಕ್‌ನಲ್ಲಿ ಗಂಟೆ ಬಾರಿಸಿದೊಡನೆ ಮಕ್ಕಳು ದಾರಕ್ಕೆ ಕಟ್ಟಿದ ಕಾಗದದ ಉಂಡೆ ಬೀಸುತ್ತ ಚರ್ಚನ್ನು ಸುತ್ತುತ್ತಾರೆ. ಈಸ್ಟರ್‌ಗೆ ಬಣ್ಣ ಬಳಿದ ಮೊಟ್ಟೆಗಳನ್ನು ಗುಡ್ಡದಿಂದ ಉರುಳಿಸುತ್ತಾರೆ. ಏಪ್ರಿಲ್ 30ರ ರಾತ್ರಿ ಎಡಿನ್‌ಬರೋದ ಕ್ಯಾಲ್ಟನ್ ಹಿಲ್ ಮೇಲೆ ನಡೆಯುವ ಬೆಲ್ಟೇನ್ ಬೆಂಕಿಹಬ್ಬ ಹಳೆ ಗೇಲಿಕ್ ಭಾಷೆಯ ಹೆಸರಿನದಾದರೂ ಈಗಿನ ರೂಪ 1988ರದು.

ಜೂನ್ ಬಂತೆಂದರೆ ಇಂಗ್ಲೆಂಡಿಗೆ ತಾಗಿದ ಬಾರ್ಡರ್ಸ್ ಸೀಮೆಯಲ್ಲಿ ಗಡಿಸವಾರಿ ಶುರು. ಅಲ್ಲಿನವರು ಕಾಮನ್ ರೈಡಿಂಗ್ ಎನ್ನುತ್ತಾರೆ. ಹಿಂದೆ ಪ್ರತಿ ಪಟ್ಟಣಕ್ಕೂ ಗೋಮಾಳದಂಥ ಸಾಮೂಹಿಕ ಜಮೀನಿತ್ತು. ಪಕ್ಕದ ಜಮೀನ್ದಾರರು ಅದನ್ನು ಒತ್ತುವರಿ ಮಾಡದಂತೆ ವರ್ಷಕ್ಕೊಮ್ಮೆ ಊರಿನವರೇ ಕುದುರೆ ಏರಿ ಗಡಿ ಸುತ್ತಿ, ಕಲ್ಲು ನೋಡಿ, ಹುಲ್ಲುಹೆಂಟೆ ಅಗೆದು ಗುರುತು ಹಾಕುತ್ತಿದ್ದರು. ಭೂಪಟವಿಲ್ಲದ ಕಾಲದಲ್ಲಿ ಇದೇ ಸರ್ವೆ. ಲ್ಯಾಂಗಮ್‌ನಲ್ಲಿ ಜುಲೈ ಕೊನೆಯ ಶುಕ್ರವಾರ ಇವತ್ತಿಗೂ ಹೆಂಟೆ ಅಗೆಯುವ ಗುದ್ದಲಿಯನ್ನು ಮೆರವಣಿಗೆಯಲ್ಲಿ ಒಯ್ಯುತ್ತಾರೆ. ಅದರೊಂದಿಗೆ ಹಲಗೆಗೆ ಮೊಳೆ ಹೊಡೆದ ಬಾರ್ಲಿ ರೊಟ್ಟಿ ಮತ್ತು ಉಪ್ಪುಮೀನು, ಗುಲಾಬಿಯ ಕಿರೀಟ, ಆಳೆತ್ತರ ಮೀರುವ ಮುಳ್ಳಿನ ಥಿಸಲ್ ಗಿಡ.

ಇದರ ಮೇಲೆ ಯುದ್ಧದ ನೆನಪೂ ಕೂತಿದೆ. 1513ರ ಸೆಪ್ಟೆಂಬರ್ 9ರಂದು ಇಂಗ್ಲೆಂಡಿನ ಎದುರಿನ ಫ್ಲಾಡನ್ ಕಾಳಗದಲ್ಲಿ ರಾಜ ನಾಲ್ಕನೇ ಜೇಮ್ಸ್ ಸಹಿತ ಸ್ಕಾಟ್ಲೆಂಡಿನ ಒಂದು ತಲೆಮಾರು ನಾಶವಾಯಿತು. ಮರುವರ್ಷ ಹೋಯಿಕ್ ಊರಿನ ಹುಡುಗರು ಹಾರ್ನ್ಸ್‌ಹೋಲ್‌ನಲ್ಲಿ ಇಂಗ್ಲಿಷ್ ದಂಡೊಂದರ ಬಾವುಟ ಕಸಿದರು. ಹೋಯಿಕ್‌ನ ಸವಾರಿಯಲ್ಲಿ ಆ ಬಾವುಟದ ನೆನಪಿನ ಧ್ವಜ ಹಿಡಿಯುವವನಿಗೆ ಕಾರ್ನೆಟ್ ಎನ್ನುತ್ತಾರೆ. ಅವನು ಊರಿನವನಾಗಿರಬೇಕು, ಅವಿವಾಹಿತನಾಗಿರಬೇಕು. ಹಿಂದಿನ ಎರಡು ವರ್ಷದ ಕಾರ್ನೆಟ್‌ಗಳು ಅವನ ಬಲಗೈ, ಎಡಗೈಯಾಗಿ ಜೊತೆಗಿರುತ್ತಾರೆ. ಬೆಳಗಿನ ಜಾವ ಹಾಲಿಗೆ ರಮ್ ಬೆರೆಸಿ ಕುಡಿದು ಸವಾರಿಗೆ ಹೊರಡುವುದು ರೂಢಿ. ಮಹಿಳೆಯರು ಕುದುರೆ ಏರಬಹುದೇ ಎಂಬ ಜಗಳ 1990ರ ದಶಕದಲ್ಲಿ ನ್ಯಾಯಾಲಯದವರೆಗೂ ಹೋಗಿ ಮಹಿಳೆಯರ ಪರವಾಗಿ ಬಗೆಹರಿಯಿತು.

ಸೆಲ್ಕರ್ಕ್‌ನಲ್ಲಿ ನೂರಾರು ಕುದುರೆಗಳು ಎಟ್ರಿಕ್ ಹೊಳೆ ದಾಟಿ ಬೆಟ್ಟಕ್ಕೆ ಹೋಗಿ ಬಂದ ಮೇಲೆ ಮಾರುಕಟ್ಟೆ ಚೌಕದಲ್ಲಿ ಬಾವುಟ ಬೀಸುವ ವಿಧಿ ಇದೆ. ಫ್ಲಾಡನ್‌ಗೆ ಹೋದ ಊರಿನ 80 ಜನರಲ್ಲಿ ಒಬ್ಬನೇ ಮರಳಿ ಬಂದು, ಮಾತು ಹೊರಡದೆ, ಶತ್ರುಗಳ ಬಾವುಟವನ್ನು ತಲೆಯ ಸುತ್ತ ಬೀಸಿ ನೆಲಕ್ಕೆ ಹಾಕಿದ ಎಂಬುದು ಊರಿನ ಐತಿಹ್ಯ. ಊರಿನ ಧ್ವಜಧಾರಿ, ಕಮ್ಮಾರರ, ನೇಕಾರರ, ವರ್ತಕರ ಸಂಘದವರು, ಹೊರನಾಡಿಗೆ ಹೋದವರ ಪ್ರತಿನಿಧಿ, ಕೊನೆಗೆ ಮಾಜಿ ಸೈನಿಕರ ಪರವಾಗಿ ಒಬ್ಬರು ಬೀಸುತ್ತಾರೆ. ಆಮೇಲೆ ಎರಡು ನಿಮಿಷ ಮೌನ. ನೋಡಲು ಹೋದವರು ಆ ಹೊತ್ತಿನಲ್ಲಿ ಫೋಟೊಗೆಂದು ಮುಂದೆ ನುಗ್ಗಬಾರದು, ಅದು ಊರಿನವರಿಗೆ ನಿಜವಾದ ಶೋಕದ ಗಳಿಗೆ.

ಹೈಲ್ಯಾಂಡ್ ಕ್ರೀಡಾಕೂಟ: ಏನನ್ನು ನೋಡಬೇಕು

ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಹತ್ತಾರು ಊರುಗಳಲ್ಲಿ ಇವು ನಡೆಯುತ್ತವೆ. 1746ರ ಕಾನೂನು ಹೈಲ್ಯಾಂಡ್ ಗಂಡಸರು ಸೊಂಟಕ್ಕೆ ಸುತ್ತುವ ಕಿಲ್ಟ್‌ ಉಡುಪನ್ನು ನಿಷೇಧಿಸಿತ್ತು, 1782ರಲ್ಲಿ ಅದು ರದ್ದಾಯಿತು. ರಾಣಿ ವಿಕ್ಟೋರಿಯಾ 1848ರಲ್ಲಿ ಬ್ರೇಮಾರ್ ಕೂಟಕ್ಕೆ ಬಂದ ಮೇಲೆ ಇಂಥ ಕೂಟಗಳು ಎಲ್ಲೆಡೆ ಹಬ್ಬಿದವು.

ಕೇಬರ್ ಎಸೆತವನ್ನು ಎಷ್ಟು ದೂರ ಬಿತ್ತು ಎಂದು ನೋಡಿದರೆ ಏನೂ ತಿಳಿಯುವುದಿಲ್ಲ. ಕೇಬರ್ ಎಂದರೆ ಒಂದು ತುದಿ ದಪ್ಪ, ಒಂದು ತುದಿ ಸಣ್ಣಗಿರುವ ಮರದ ದಿಮ್ಮಿ. ಬ್ರೇಮಾರಿನದು ಆರು ಮೀಟರ್ ಉದ್ದ, 60 ಕಿಲೋದ ಹತ್ತಿರ ತೂಕ. ಸಣ್ಣ ತುದಿಯನ್ನು ಅಂಗೈಯಲ್ಲಿ ಹಿಡಿದು ನೆಟ್ಟಗೆ ಎತ್ತಿ, ಓಡಿ, ಮೇಲಕ್ಕೆ ಜಗ್ಗಿ ಬಿಡಬೇಕು. ದಪ್ಪ ತುದಿ ನೆಲಕ್ಕೆ ಬಡಿದು, ದಿಮ್ಮಿ ಪೂರ್ತಿ ಮಗುಚಿ, ಸಣ್ಣ ತುದಿ ಎಸೆದವನಿಂದ ಆಚೆಗೆ ಬೀಳಬೇಕು. ಎಸೆದವನು ಗಡಿಯಾರದ ಆರರ ಮೇಲೆ ನಿಂತಿದ್ದಾನೆ ಎಂದುಕೊಂಡರೆ, ದಿಮ್ಮಿ ಸರಿಯಾಗಿ ಹನ್ನೆರಡರತ್ತ ಬಿದ್ದದ್ದೇ ಅತ್ಯುತ್ತಮ. ಹನ್ನೊಂದಕ್ಕೋ ಒಂದಕ್ಕೋ ವಾಲಿದರೆ ಅಂಕ ಕಡಿಮೆ. ಹೆಚ್ಚಿನವರು ಸೋಲುವುದು ಶಕ್ತಿ ಸಾಲದೆ ಅಲ್ಲ. ದಿಮ್ಮಿ ಇನ್ನೂ ವಾಲುತ್ತಿರುವಾಗಲೇ ಓಟ ಶುರು ಮಾಡಿ ಸಮತೋಲ ಕಳೆದುಕೊಂಡು.

ತೂಕವನ್ನು ಅಡ್ಡಪಟ್ಟಿಯ ಮೇಲಿಂದ ಹಾರಿಸುವ ಸ್ಪರ್ಧೆಯಲ್ಲಿ 56 ಪೌಂಡ್, ಅಂದರೆ 25 ಕಿಲೋ ದಾಟಿದ ಗುಂಡನ್ನು ಒಂದೇ ಕೈಯಲ್ಲಿ ತಲೆಯ ಮೇಲಿಂದ ಹಿಂದಕ್ಕೆ ಎಸೆಯಬೇಕು. ಕತ್ತಿ ನೃತ್ಯದಲ್ಲಿ ಅಡ್ಡಡ್ಡ ಇಟ್ಟ ಕತ್ತಿಗೆ ಪಾದ ತಾಗಿದರೆ ಅಂಕ ಹೋಗುತ್ತದೆ, ಕತ್ತಿ ಜರುಗಿದರೆ ಸ್ಪರ್ಧೆಯಿಂದಲೇ ಹೊರಗೆ. ಮೈದಾನದ ಒಂದು ಮೂಲೆಯಲ್ಲಿ ಒಬ್ಬರೇ ನಿಂತು ನಿಧಾನವಾಗಿ ಪೈಪ್ ಊದುತ್ತಿದ್ದರೆ ಅದು ಪೀಬರಾಕ್: ಒಂದು ಮೂಲ ರಾಗಭಾಗ, ಆಮೇಲೆ ಅದರ ವಿಸ್ತಾರಗಳು, ಹತ್ತು ಹದಿನೈದು ನಿಮಿಷ. ಶುರುವಿಗೆ ಮುಂಚೆ ಬಹಳ ಹೊತ್ತು ಶ್ರುತಿ ಮಾಡಿಕೊಳ್ಳುವುದು ಕಂಡರೆ ಬೇಸರಪಡಬಾರದು. ರೀಡುಗಳು ತೇವಕ್ಕೂ ಚಳಿಗೂ ಸ್ಥಾಯಿ ಬದಲಿಸುತ್ತವೆ, ಒಂದೇ ಸ್ವರ ಹಿಡಿದಿರುವ ಡ್ರೋನ್ ಕೊಳವೆ ಮತ್ತು ರಾಗ ನುಡಿಸುವ ಚಾಂಟರ್ ಕೊಳವೆ ಬೇರೆಬೇರೆ ಕಡೆ ಜಾರುತ್ತವೆ. ನಮ್ಮ ತಂಬೂರಿ ಕೇಳಿದ ಕಿವಿಗೆ ಪೀಬರಾಕ್ ಬೇಗ ಒಲಿಯುತ್ತದೆ. ಒಣ ಮೈದಾನ ಎಂದು ನಂಬದೆ ರಬ್ಬರ್ ಬೂಟು, ಪಶ್ಚಿಮದ ಊರುಗಳಾದರೆ ಮಿಡ್ಜ್ ನುಸಿಗೆ ಮುಲಾಮು ಒಯ್ಯಬೇಕು.

ಆಗಸ್ಟ್: ಮುಳ್ಳುಕಾಯಿಯ ಮನುಷ್ಯ ಮತ್ತು ಮಹಾನಗರದ ಉತ್ಸವ

ಎಡಿನ್‌ಬರೋದ ಉತ್ಸವಗಳ ಬಗ್ಗೆ ಎಲ್ಲರೂ ಬರೆಯುತ್ತಾರೆ. ಎರಡನೇ ಮಹಾಯುದ್ಧದ ಗಾಯದ ನಂತರ 1947ರಲ್ಲಿ ಅಂತರರಾಷ್ಟ್ರೀಯ ಕಲೋತ್ಸವ ಶುರುವಾಯಿತು, ಆಹ್ವಾನವಿಲ್ಲದ ಎಂಟು ನಾಟಕ ತಂಡಗಳು ತಾವಾಗಿ ಬಂದು ಆಡಿದ್ದೇ ಫ್ರಿಂಜ್ ಆಯಿತು, 1950ರಿಂದ ಕೋಟೆಯ ಮುಂದೆ ಸೇನಾ ವಾದ್ಯಮೇಳದ ಟ್ಯಾಟೂ. ಇಷ್ಟು ಸಾಕು. ದಕ್ಷಿಣ ಏಷ್ಯಾದ ಕುಟುಂಬಗಳು ಕಟ್ಟಿದ ಮೇಳಗಳೂ ಈಗ ಅಲ್ಲಿನ ಬೇಸಿಗೆಯ ಭಾಗ: ಗ್ಲಾಸ್ಗೋ ಮೇಳ 1990ರಿಂದ, ಎಡಿನ್‌ಬರೋ ಮೇಳ 1995ರಿಂದ.

ಅದೇ ಎಡಿನ್‌ಬರೋದ ಅಂಚಿನ ಸೌತ್ ಕ್ವೀನ್ಸ್‌ಫೆರಿಯಲ್ಲಿ ಆಗಸ್ಟಿನ ಎರಡನೇ ಶುಕ್ರವಾರ ಬರ್ರಿಮ್ಯಾನ್ ಹೊರಡುತ್ತಾನೆ. ಇದು ಹೆಚ್ಚು ಹತ್ತಿರದಿಂದ ನೋಡಬೇಕಾದದ್ದು. ಊರಿನಲ್ಲೇ ಹುಟ್ಟಿದ ಗಂಡಸೊಬ್ಬನ ಮೈಗೆ ತಲೆಯಿಂದ ಕಣಕಾಲಿನವರೆಗೆ ಬರ್ಡಾಕ್ ಗಿಡದ ಕೊಕ್ಕೆಮುಳ್ಳಿನ ಕಾಯಿಗಳನ್ನು ಅಂಟಿಸುತ್ತಾರೆ, ಒಟ್ಟು 11 ಸಾವಿರದಷ್ಟು. ಕಾಯಿಗಳನ್ನು ವಾರ ಮುಂಚೆಯೇ ಆರಿಸಿ, ಹುಳು ಎಲೆ ತೆಗೆದು, ಒಂದಕ್ಕೊಂದು ಅಂಟಿಸಿ ಚಾಪೆಯಂಥ ಹಾಳೆಗಳಾಗಿ ಮಾಡಿಟ್ಟಿರುತ್ತಾರೆ. ಬೆಳಿಗ್ಗೆ ಆ ಹಾಳೆಗಳನ್ನು ದಪ್ಪ ಒಳಉಡುಪಿನ ಮೇಲೆ ಒತ್ತುತ್ತಾ ಹೋಗುತ್ತಾರೆ. ಮುಖಕ್ಕೂ ಕಾಯಿಗಳ ಮುಸುಕು, ಕಣ್ಣು ಬಾಯಿಗೆ ಮಾತ್ರ ತೂತು. ಸೊಂಟಕ್ಕೆ ಬಾವುಟ, ತಲೆಗೆ ಹೂವಿನ ಟೊಪ್ಪಿಗೆ. ಕೈಗಳನ್ನು ದಿನವಿಡೀ ಅಡ್ಡಲಾಗಿ ಚಾಚಿಯೇ ಇರಬೇಕು. ಇಳಿಸಿದರೆ ತೋಳಿನ ಕಾಯಿ ಪಕ್ಕೆಯ ಕಾಯಿಗೆ ಕಚ್ಚಿಕೊಂಡು ಬಿಡಿಸಲಾಗದು. ಅದಕ್ಕೇ ಹೂ ಸುತ್ತಿದ ಎರಡು ಕೋಲುಗಳನ್ನು ಹಿಡಿದಿರುತ್ತಾನೆ, ಇಬ್ಬರು ಜೊತೆಗಾರರು ತೋಳಿಗೆ ಆಸರೆ ಕೊಡುತ್ತಾರೆ. ಒಂಬತ್ತು ಗಂಟೆಗೂ ಹೆಚ್ಚು ಕಾಲ, ಸುಮಾರು 11 ಕಿಲೋಮೀಟರ್, ಕೂರದೆ ನಡೆಯುತ್ತಾನೆ. ಮನೆಮನೆಯಲ್ಲಿ ವಿಸ್ಕಿ ಕೊಡುತ್ತಾರೆ, ಕುಡಿಯುವುದು ಹುಲ್ಲುಕಡ್ಡಿಯಂಥ ಕೊಳವೆಯಲ್ಲಿ. ಅವನು ಮಾತಾಡುವುದಿಲ್ಲ. ಹಿಂದೆ ಮೀನುಗಾರರ ಊರುಗಳಲ್ಲಿ ಇಂಥವರು ಇದ್ದರು, ಮೂಲದ ಬಗ್ಗೆ ಹಲವು ಊಹೆಗಳಿವೆ. ನಡೆಯುವ ಊರು ಈಗ ಇದೊಂದೇ.

ಹ್ಯಾಲೋವೀನ್‌ನಿಂದ ಸಂತ ಆಂಡ್ರೂವರೆಗೆ

1892ರಲ್ಲಿ ಓಬನ್‌ನಲ್ಲಿ ಶುರುವಾದ, ಗೇಲಿಕ್ ಹಾಡು ಕವಿತೆಯ ಸ್ಪರ್ಧೋತ್ಸವ ಮೋಡ್ ಅಕ್ಟೋಬರಿನಲ್ಲಿ ಬರುತ್ತದೆ, ವರ್ಷಕ್ಕೊಂದು ಊರಿನಂತೆ ಸುತ್ತುತ್ತದೆ. ತಿಂಗಳ ಕೊನೆಗೆ ಹ್ಯಾಲೋವೀನ್. ಸ್ಕಾಟ್ಲೆಂಡಿನ ಮಕ್ಕಳು ವೇಷ ಹಾಕಿ ಮನೆಗೆ ಬಂದರೆ ಮೊದಲು ಒಂದು ಹಾಡೋ ಪದ್ಯವೋ ಹಾಸ್ಯವೋ ಒಪ್ಪಿಸಬೇಕು, ಆಮೇಲೆ ಮಿಠಾಯಿ, ನೆಲಗಡಲೆ, ಕಿತ್ತಳೆ. ಬಾಗಿಲು ತೆರೆದವರು ಪದ್ಯ ಕೇಳದೆ ಮಿಠಾಯಿ ಕೈಗಿಟ್ಟರೆ ಮಕ್ಕಳ ತಯಾರಿಗೆ ಬೆಲೆ ಕೊಡದಂತೆ.

ಕುಂಬಳಕಾಯಿ ಬರುವ ಮುಂಚೆ ದೀಪ ಕೆತ್ತುತ್ತಿದ್ದದ್ದು ಸ್ವೀಡ್ ಗೆಡ್ಡೆಯಲ್ಲಿ. ಕಲ್ಲಿನಂತೆ ಗಟ್ಟಿ. ಅಂಗೈ ಮೀರುವ ಗಾತ್ರದ ಗೆಡ್ಡೆ ಆರಿಸಿ, ತಳ ಸ್ವಲ್ಪ ಕೊಯ್ದು ನಿಲ್ಲುವಂತೆ ಮಾಡಿ, ಮೇಲ್ಭಾಗ ಮುಚ್ಚಳದಂತೆ ತೆಗೆಯಬೇಕು. ಒಳಗೆ ಚಾಕುವಿನಿಂದ ಚೌಕಚೌಕ ಗೀರಿ, ಗಟ್ಟಿ ಲೋಹದ ಚಮಚೆಯಲ್ಲಿ ಕೆರೆಯಬೇಕು. ತೆಳು ಚಮಚೆ ಬಾಗುತ್ತದೆ, ಕೈ ಜಾರಿ ಗಾಯವಾಗುವುದು ಇಲ್ಲೇ. ಡ್ರಿಲ್ಲಿನಿಂದ ಮೊದಲು ನಾಲ್ಕಾರು ತೂತು ಹಾಕಿಕೊಂಡರೆ ಸುಲಭ. ಗೋಡೆ ಒಂದು ಸೆಂಟಿಮೀಟರ್ ದಪ್ಪ ಉಳಿಯಲಿ. ಮುಚ್ಚಳಕ್ಕೆ ಹೊಗೆಗಂಡಿ ಇಡದಿದ್ದರೆ ಮೇಣದ ಬತ್ತಿ ಆರುತ್ತದೆ, ಸುಟ್ಟ ಗೆಡ್ಡೆಯ ವಾಸನೆ ಮನೆ ತುಂಬುತ್ತದೆ. ಎರಡು ದಿನಕ್ಕಿಂತ ಮುಂಚೆ ಕೆತ್ತಬಾರದು, ಸುಕ್ಕುಗಟ್ಟಿ ಬೂಸು ಹಿಡಿಯುತ್ತದೆ.

ನವೆಂಬರ್ 30 ಸ್ಕಾಟ್ಲೆಂಡಿನ ರಕ್ಷಕ ಸಂತ ಆಂಡ್ರೂವಿನ ದಿನ. 2007ರ ಕಾನೂನಿನಿಂದ ಇದು ಬ್ಯಾಂಕ್ ರಜೆ. ಆದರೆ ಅಲ್ಲಿಗೆ ಹೊಸದಾಗಿ ಕೆಲಸಕ್ಕೆ ಹೋದವರು ಇಲ್ಲಿ ಎಚ್ಚರವಾಗಿರಬೇಕು: ಬ್ಯಾಂಕ್ ರಜೆ ಎಂದ ಮಾತ್ರಕ್ಕೆ ಮಾಲೀಕರು ರಜೆ ಕೊಡಲೇಬೇಕೆಂದಿಲ್ಲ, ನೇಮಕದ ಒಪ್ಪಂದದಲ್ಲಿ ಏನು ಬರೆದಿದೆ ಎಂಬುದೇ ಕೊನೆಯ ಮಾತು. ಬಹಳಷ್ಟು ಕಚೇರಿಗಳು, ಅಂಗಡಿಗಳು ಆ ದಿನ ತೆರೆದೇ ಇರುತ್ತವೆ. ಈಸ್ಟರ್ ಸೋಮವಾರ ಇಂಗ್ಲೆಂಡಿನಲ್ಲಿ ರಜೆ, ಸ್ಕಾಟ್ಲೆಂಡಿನಲ್ಲಿ ಬ್ಯಾಂಕ್ ರಜೆಯ ಪಟ್ಟಿಯಲ್ಲೇ ಇಲ್ಲ. ಆಗಸ್ಟಿನ ರಜೆ ಇಂಗ್ಲೆಂಡಿಗೆ ಕೊನೆಯ ಸೋಮವಾರ, ಸ್ಕಾಟ್ಲೆಂಡಿಗೆ ಮೊದಲ ಸೋಮವಾರ. ಇದರ ಮೇಲೆ ಜುಲೈ ನಡುವಿನ ಗ್ಲಾಸ್ಗೋ ಫೇರ್‌ನಂಥ ಊರ ರಜೆಗಳು ಬೇರೆ. ಪಯಣದ ಟಿಕೆಟ್ ಮಾಡುವ ಮುಂಚೆ ದೇಶದ ಪಟ್ಟಿಯ ಜೊತೆಗೆ ಆ ಊರಿನ ಕೌನ್ಸಿಲ್ ಪ್ರಕಟಿಸುವ ಸ್ಥಳೀಯ ರಜೆಗಳ ಪಟ್ಟಿಯನ್ನೂ ನೋಡಿಕೊಳ್ಳಬೇಕು.